ತೆಂಗಿನ ಸೀಮೆಯಿಂದ ಖರ್ಜೂರದ ಸೀಮೆಗೆ

ಸಾನ್ ಹೋಸೆಯಲ್ಲಿರುವ ಮಗನ ಮನೆಯಿಂದ ನಸುಕಿನಲ್ಲೇ ಹೊರಟೆವು. ಮಗ ಕಾರು ಓಡಿಸುತ್ತಿದ್ದ, ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಕೋಡುಬಳೆ, ಚಿತ್ರಾನ್ನದ ಡಬ್ಬಿಗಳ ನಡುವೆ ನನ್ನ ಹೆಂಡತಿ. ಕ್ಯಾಲಿಫೋರ್ನಿಯಾದ ಉದ್ದಕ್ಕೂ ದಕ್ಷಿಣಕ್ಕೆ ಇಳಿದು, ಪೂರ್ವಕ್ಕೆ ತಿರುಗಿ ಮರುಭೂಮಿ ಹೊಕ್ಕು, ಕೊಲರಾಡೊ ನದಿ ದಾಟಿ ಗ್ರ್ಯಾಂಡ್ ಕ್ಯಾನಿಯನ್ ತನಕ ಹೋಗಿಬರುವ ದೊಡ್ಡ ಸುತ್ತು ಅದು. ಜಗತ್ತೆಲ್ಲ ನೋಡಲು ಬರುವ ಆ ಕಂದರಕ್ಕಿಂತ ನನ್ನ ಮನಸ್ಸು ನೆಟ್ಟಿದ್ದದ್ದು ದಾರಿ ನಡುವಿನ ಇಂಡಿಯೊ ಎಂಬ ಊರಿನ ಮೇಲೆ. ನೊಣವಿನಕೆರೆಯ ಶಾಲೆಯಲ್ಲಿ ನನ್ನ ಪಕ್ಕ ಕೂತು ಅಕ್ಷರ ಕಲಿತವನು, ತಿಪಟೂರಿನ ಕಲ್ಪತರು ಕಾಲೇಜಿಗೆ ನನ್ನ ಜೊತೆ ಬಸ್ಸಿನಲ್ಲಿ ನೇತಾಡಿಕೊಂಡು ಬಂದವನು ಅಲ್ಲಿದ್ದಾನೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದ ಅವನು, ಒಣ ನೆಲದ ಮರಗಳಿಗೆ ನೀರು ಕೊಡುವ ವಿದ್ಯೆಯಲ್ಲೇ ಬದುಕು ಸವೆಸಿ, ಈಗ ನಿವೃತ್ತನಾಗಿ ಖರ್ಜೂರದ ತೋಟಗಳ ಮಗ್ಗುಲಲ್ಲೇ ಮನೆ ಮಾಡಿಕೊಂಡಿದ್ದಾನೆ. ನಾವಿಬ್ಬರೂ ಮುಖ ನೋಡದೆ ದಶಕಗಳೇ ಕಳೆದಿದ್ದವು.

ಐದನೇ ಹೆದ್ದಾರಿ ಹಿಡಿದರೆ ಸೆಂಟ್ರಲ್ ವ್ಯಾಲಿ ಎಂಬ ಬಯಲು. ಇಷ್ಟು ಮಟ್ಟಸವಾದ ನೆಲವನ್ನು ನಾನು ಎಲ್ಲೂ ನೋಡಿರಲಿಲ್ಲ. ನಮ್ಮಲ್ಲಿ ತಿಪಟೂರಿನಿಂದ ತುರುವೇಕೆರೆಗೆ ಹೋಗುವಷ್ಟರಲ್ಲಿ ಏರು, ಇಳಿಜಾರು, ಕೆರೆ ಏರಿ, ಬೋರೆ ಎಂದು ಭೂಮಿ ಹತ್ತು ಸಲ ಮಗ್ಗುಲು ಬದಲಿಸುತ್ತದೆ. ಇಲ್ಲಿ ಗಂಟೆಗಟ್ಟಲೆ ಹೋದರೂ ಬಾದಾಮಿ ಮರಗಳ ಸಾಲುಗಳೇ. ಕೊಯ್ಲಿನ ಕಾಲವಾದ್ದರಿಂದ ಬಯಲಿನ ಮೇಲೆಲ್ಲ ಕೆಂಧೂಳು ನಿಂತಿತ್ತು. ಗಿಡ್ಡ ಯಂತ್ರವೊಂದು ಬಂದು ಮರದ ಕಾಂಡವನ್ನು ಹಿಡಿದು ಕೆಲವೇ ಕ್ಷಣ ಗಡಗಡ ಅಲುಗಿಸುತ್ತದೆ, ಕಾಯಿಯೆಲ್ಲ ಸುರಿದುಬಿಡುತ್ತದೆ. ಒಣಗಿದ ಮೇಲೆ ಇನ್ನೊಂದು ಯಂತ್ರ ಬಂದು ಗುಡಿಸಿಕೊಂಡು ಹೋಗುತ್ತದೆ. ಮರದ ಹತ್ತಿರ ಮನುಷ್ಯರೇ ಕಾಣಲಿಲ್ಲ.

ದಾರಿಯ ಪಕ್ಕದಲ್ಲೇ ಒಂದು ನಾಲೆ ನಮ್ಮ ಜೊತೆ ಬರುತ್ತಿತ್ತು. ಉತ್ತರದ ಹಿಮಬೆಟ್ಟಗಳ ನೀರನ್ನು ದಕ್ಷಿಣದ ನಗರಗಳಿಗೆ ಒಯ್ಯುವ ಕ್ಯಾಲಿಫೋರ್ನಿಯಾ ಅಕ್ವೆಡಕ್ಟ್ ಅದು. ಬಯಲು ಮುಗಿದು ಬೆಟ್ಟ ಅಡ್ಡ ಬಂದ ಕಡೆ ಆ ನೀರನ್ನು ಪಂಪುಗಳಿಂದ ಒಂದೇ ಎತ್ತಿಗೆ 1,900 ಅಡಿಗಿಂತ ಮೇಲಕ್ಕೆ ಏರಿಸುತ್ತಾರಂತೆ. ಸಕಲೇಶಪುರದ ಕಡೆಯಿಂದ ಎತ್ತಿನಹೊಳೆ ನೀರನ್ನು ನಮ್ಮ ಜಿಲ್ಲೆಗೆ ಎತ್ತಿ ತರುವ ಮಾತನ್ನು ಬಹುಕಾಲ ಕೇಳಿ, 2024ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಂತದ ಪಂಪುಗಳು ತಿರುಗಿದ್ದನ್ನು ಪತ್ರಿಕೆಯಲ್ಲಿ ಓದಿದ ನನಗೆ, ಈ ನಾಲೆಯಿಂದ ಕಣ್ಣು ಕೀಳಲಾಗಲಿಲ್ಲ.

ಲಾಸ್ ಏಂಜಲಿಸ್‌ನ ಗದ್ದಲ ದಾಟಿ ಪೂರ್ವಕ್ಕೆ ಹೊರಳಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಎರಡು ಬೆಟ್ಟಗಳ ನಡುವಿನ ಸಾನ್ ಗೊರ್ಗೋನಿಯೊ ಕಣಿವೆ ಎದುರಾಯಿತು. ಬಲಕ್ಕೆ ಸಾನ್ ಹಸಿಂಟೊ ಶಿಖರ, 10,800 ಅಡಿ. ಎಡಕ್ಕೆ ಸಾನ್ ಗೊರ್ಗೋನಿಯೊ, 11,500 ಅಡಿ. ನಮ್ಮ ನಾಡಿನ ಅತಿ ಎತ್ತರದ ಮುಳ್ಳಯ್ಯನಗಿರಿ 6,300 ಅಡಿಯ ಆಸುಪಾಸು. ಅದೂ ಎತ್ತರದ ಬಯಲಿನ ಮೇಲೆ ನಿಂತಿರುವ ಬೆಟ್ಟ. ಇವು ಹೆಚ್ಚೂಕಡಿಮೆ ಸಮುದ್ರದ ಮಟ್ಟದಿಂದಲೇ ನೆಟ್ಟಗೆ ಎದ್ದಿವೆ, ನೋಡುವಾಗ ಕತ್ತು ನೋಯುತ್ತದೆ. ಮರುಭೂಮಿಯ ಕಾದ ಗಾಳಿ ಮೇಲೇಳುವಾಗ ಕರಾವಳಿಯ ತಂಪು ಗಾಳಿ ಆ ಜಾಗ ತುಂಬಲು ಈ ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ಅದನ್ನು ಹಿಡಿಯಲು ಗಾಳಿಯಂತ್ರಗಳ ಒಂದು ಕಾಡನ್ನೇ ನೆಟ್ಟಿದ್ದಾರೆ. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ಅವು ಗುಡ್ಡದ ನೆತ್ತಿಯಲ್ಲಿ ನಿಂತು ತಿರುಗುತ್ತವೆ, ಇಲ್ಲಿ ಕಣಿವೆಯ ತಳದಿಂದಲೇ ಶುರು. ಕಾರು ಪಕ್ಕಕ್ಕೆ ವಾಲುತ್ತಿತ್ತು. ಮಗ ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಹಿಡಿದ.

ಅಲ್ಲಿಂದ ಇಳಿಜಾರು. ಮಗ ಫೋನಿನಲ್ಲಿ ಎತ್ತರ ಓದುತ್ತಾ ಹೋಗು ಎಂದ. ಸಾವಿರ ಅಡಿ, ಐನೂರು, ನೂರು, ಸೊನ್ನೆ. ಆಮೇಲೂ ಇಳಿದೆವು. ಇಂಡಿಯೊ ಇರುವುದು ಸಮುದ್ರಮಟ್ಟಕ್ಕಿಂತ ಕೆಳಗೆ! ಸುಮಾರು 2,800 ಅಡಿ ಎತ್ತರದ ತಿಪಟೂರಿನಲ್ಲಿ ಬದುಕಿದ ನನಗೆ, ಸಮುದ್ರದ ಮಟ್ಟ ತಲೆಯ ಮೇಲಿದೆ ಎಂಬುದು ತಿಳಿದರೂ ನಂಬಲಾಗದ ಸಂಗತಿ. ಕಾರಿನ ಬಾಗಿಲು ತೆರೆದರೆ ಒಲೆಯ ಬಾಯಿಯ ಕಾವು. ಮಹಾಲಯ ಅಮಾವಾಸ್ಯೆ ಕಳೆದಿತ್ತು, ಊರಿನಲ್ಲಾದರೆ ಸಂಜೆ ತಣ್ಣಗಿರಬೇಕಾದ ಹೊತ್ತು.

ಗೆಳೆಯ ಬೀದಿಗೇ ಬಂದು ನಿಂತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ನಡಿಗೆ ಮಾತ್ರ ಅದೇ, ಬಲಗಾಲನ್ನು ಸ್ವಲ್ಪ ಹೊರಗೆ ಹಾಕುವ ನಡಿಗೆ. "ಬನ್ನಿ ಅತ್ತಿಗೆ, ಬಾರಪ್ಪ" ಎಂದು ಅವರಿಬ್ಬರನ್ನು ಒಳಗೆ ಕಳಿಸಿ, ನನ್ನ ಎರಡೂ ತೋಳು ಹಿಡಿದುಕೊಂಡು ಕೇಳಿದ: "ಈ ವರ್ಷ ನಮ್ ಕೆರೆ ಕೋಡಿ ಬಿತ್ತೇನೋ?" ನನಗೆ ಮಾತು ಹೊರಡಲು ಸ್ವಲ್ಪ ಹೊತ್ತು ಬೇಕಾಯಿತು.

ಅವನ ಹೆಂಡತಿ ತುರುವೇಕೆರೆ ಕಡೆಯವರು. "ಅಣ್ಣ, ಮುದ್ದೆಗೆ ಇಲ್ಲಿ ರಾಗಿ ಸಿಗುತ್ತೆ, ಆದ್ರೆ ನಮ್ಮೂರಿನ ಕೊಬ್ಬರಿ ಸಿಗಲ್ಲ" ಎಂದು, ನನ್ನ ಹೆಂಡತಿ ತಂದಿದ್ದ ಕೊಬ್ಬರಿ ಹಾಕಿ ಕುಟ್ಟಿದ ಚಟ್ನಿಪುಡಿಯನ್ನು ಅಂಗೈಗೆ ಹಾಕಿಕೊಂಡು ಮೊದಲು ಮೂಸಿದರು. ಆ ರಾತ್ರಿ ಮುದ್ದೆ, ಉಪ್ಪುಸಾರು ಉಂಡು ಹಿತ್ತಲಲ್ಲಿ ಕೂತೆವು. ಸತ್ತವರ ಸುದ್ದಿ, ಇರುವವರ ಸುದ್ದಿ, ಕಾಡಸಿದ್ದೇಶ್ವರ ಮಠ, ಊರ ಮುಂದಿನ ಹೊಸ ಅಂಗಡಿಗಳು. ಜೋಡಿ ಒಣಗಾಯಿಗಳನ್ನು ಬೆನ್ನಿಗೆ ಕಟ್ಟಿಕೊಂಡು ಕೆರೆಯಲ್ಲಿ ಈಜು ಕಲಿತದ್ದು. 1990ರ ದಶಕದ ಕೊನೆಗೆ ನುಸಿ ಬಂದು ತೋಟಗಳೆಲ್ಲ ಗೋಲಿಯಂಥ ಕಾಯಿ ಬಿಟ್ಟದ್ದು ಅವನಿಗೆ ಕಾಗದದಲ್ಲಷ್ಟೇ ಗೊತ್ತು. ಅದರ ಒಂದೊಂದು ವಿವರವನ್ನೂ ಕೇಳಿ ತಿಳಿದುಕೊಂಡ. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ 2025ಕ್ಕೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು, ಅದೇ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ದರ 20,000 ದಾಟಿತು ಎಂದಾಗ ಅವನು ಖುಷಿಪಡಲಿಲ್ಲ. "ಬೆಲೆ ಏರಿದ್ದು ಕಾಯಿ ಕಡಿಮೆ ಆಗಿ ಅಲ್ವೇನೋ? ಮರಕ್ಕೆ ಏನಾಗಿದೆ ಹೇಳು" ಎಂದ. ಅಲ್ಲಿ ಕೂತು ಅಷ್ಟು ಸರಿಯಾಗಿ ಕೇಳಿದ್ದಕ್ಕೆ ನಾನು ಬೆರಗಾದೆ.

ಬೆಳಗ್ಗೆ ಬಿಸಿಲೇರುವ ಮೊದಲು ತೋಟಕ್ಕೆ ಕರೆದೊಯ್ದ. ದೂರದಿಂದ ನೋಡಿದಾಗ ಎದೆ ಜಗ್ಗೆಂದಿತು, ನಮ್ಮ ತೋಟವೇ ಎಂಬಂತೆ. ಹತ್ತಿರ ಹೋದರೆ ಬೇರೆ. ಗರಿ ಬೂದು ಹಸಿರು, ಒರಟು, ಬುಡದ ಕಡೆ ಸೂಜಿಯಂಥ ಮುಳ್ಳು. ನಮ್ಮ ಹಳ್ಳದ ಸಾಲಿನ ಈಚಲು ಮರದ ನೆಂಟಸ್ತಿಕೆ ತಕ್ಷಣ ಗೊತ್ತಾಗುತ್ತದೆ, ಎರಡೂ ಒಂದೇ ಕುಲದವು. ಆದರೆ ಈಚಲಿಗೆ ನಾವು ಪೊರಕೆ, ಚಾಪೆಗಿಂತ ಹೆಚ್ಚಿನ ಗೌರವ ಕೊಟ್ಟಿಲ್ಲ. ಇಲ್ಲಿ ಅದರ ಅಣ್ಣನನ್ನು ರಾಜನ ಹಾಗೆ ಸಾಕಿದ್ದಾರೆ. ಮರದ ತಲೆಯ ಸುತ್ತ ಗೊನೆಗಳು ಇಳಿಬಿದ್ದು, ಒಂದೊಂದು ಗೊನೆಗೂ ಬಿಳಿ ಚೀಲ ತೊಡಿಸಿದ್ದರು. ಹಣ್ಣು ಉದುರದಿರಲಿ, ಹಕ್ಕಿ ಮುಟ್ಟದಿರಲಿ, ಅಕಾಲದ ಮಳೆ ಬಿದ್ದು ಕೊಳೆಯದಿರಲಿ ಎಂದು.

ಗೆಳೆಯ ಮರದಿಂದ ಮರಕ್ಕೆ ನಡೆಯುತ್ತಾ ಹೇಳಿದ್ದನ್ನು ಕೇಳಿ, ತೆಂಗು ಎಷ್ಟು ಸರಳ ಮರ ಎಂದು ನನಗೆ ಮೊದಲ ಬಾರಿ ಅನಿಸಿತು. ನಮ್ಮ ತೆಂಗಿನ ಒಂದೇ ಹೊಂಬಾಳೆಯಲ್ಲಿ ಗಂಡು ಹೂವೂ ಇದೆ, ಹೆಣ್ಣು ಹೂವೂ ಇದೆ. ಗಾಳಿ, ಜೇನು ಮಿಕ್ಕ ಕೆಲಸ ಮಾಡುತ್ತವೆ. ಖರ್ಜೂರದಲ್ಲಿ ಪರಂಗಿಯ ಹಾಗೆ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಾಳಿಗೆ ಬಿಟ್ಟರೆ ಅರ್ಧ ತೋಟ ಗಂಡು ಮರಗಳೇ ಬೇಕಾಗುತ್ತವೆ. ಅದಕ್ಕೆ ಐವತ್ತು ಹೆಣ್ಣು ಮರಕ್ಕೆ ಒಂದು ಗಂಡು ಮರದ ಲೆಕ್ಕದಲ್ಲಿ ಇಟ್ಟುಕೊಂಡು, ವಸಂತದಲ್ಲಿ ಅದರ ಪರಾಗ ಕೂಡಿಸಿ ಒಣಗಿಸಿ, ಆಳುಗಳು ಪ್ರತಿ ಹೆಣ್ಣು ಮರವನ್ನೂ ಹತ್ತಿ ಪ್ರತಿ ಹೂಗೊಂಚಲಿಗೂ ದೂಳು ಹಾಕುತ್ತಾರೆ. ಆಮೇಲೆ ಮುಳ್ಳು ಸವರುವುದು, ಪೀಚುಗಳನ್ನು ಬೆರಳಿನಿಂದ ಕಿತ್ತು ಗೊನೆ ಹಗುರ ಮಾಡುವುದು, ಗೊನೆಯನ್ನು ಗರಿಗೆ ಕಟ್ಟುವುದು, ಚೀಲ ಹಾಕುವುದು, ಕೊನೆಗೆ ಕೊಯ್ಲು. ಒಂದೇ ಗೊನೆಯ ಹಣ್ಣೂ ಒಟ್ಟಿಗೆ ಮಾಗುವುದಿಲ್ಲವಾದ್ದರಿಂದ ಕೊಯ್ಲಿಗೇ ಮತ್ತೆ ಮತ್ತೆ ಹತ್ತಬೇಕು. ವರ್ಷಕ್ಕೆ ಹತ್ತು ಸಲಕ್ಕಿಂತ ಹೆಚ್ಚು ಮನುಷ್ಯ ಆ ಮರದ ತಲೆಗೆ ಹೋಗುತ್ತಾನೆ.

ಹತ್ತುವವರನ್ನು ಇಲ್ಲಿ ಪಾಲ್ಮೆರೊ ಎನ್ನುತ್ತಾರೆ. ಹೆಚ್ಚಿನವರು ಮೆಕ್ಸಿಕೊ ಮೂಲದವರು. ಎತ್ತರದ ಮರಗಳ ತಲೆಯ ಕೆಳಗೆ ಅಲ್ಯೂಮಿನಿಯಂ ಏಣಿಯೊಂದನ್ನು ಶಾಶ್ವತವಾಗಿ ನೇತುಹಾಕಿರುತ್ತಾರೆ. ಕೆಳಗಿನಿಂದ ಇನ್ನೊಂದು ಏಣಿ ಇಟ್ಟು ಅದನ್ನು ಮುಟ್ಟಿ, ಸೊಂಟಕ್ಕೆ ಪಟ್ಟಿ ಬಿಗಿದು, ಮರದ ಸುತ್ತ ಸುತ್ತುತ್ತಾ ಕೆಲಸ ಮಾಡುತ್ತಾರೆ. ಕೆಲವು ತೋಟಗಳಲ್ಲಿ ಮೇಲೆತ್ತುವ ಯಂತ್ರವೂ ಇದೆ. ನಾವು ನೋಡುತ್ತಿದ್ದ ಹುಡುಗ ತೊಟ್ಟಿಲಿನಲ್ಲಿರುವ ಮಗುವನ್ನು ಮುಟ್ಟುವಂತೆ ಚೀಲ ಬಿಚ್ಚಿ, ಮಾಗಿದ್ದನ್ನು ಮಾತ್ರ ಆರಿಸಿ, ಮತ್ತೆ ಕಟ್ಟಿದ. ನಮ್ಮ ಕಡೆ ಮರ ಹತ್ತುವವರು ಸಿಗುತ್ತಿಲ್ಲವೆಂದು ಎಷ್ಟೋ ತೋಟಗಳಲ್ಲಿ ಕಾಯಿ ತಾನಾಗಿ ಬೀಳುವ ತನಕ ಕಾಯುತ್ತೇವೆ. ಗಳಕ್ಕೆ ಕುಡುಗೋಲು ಕಟ್ಟಿ ಕೀಳುತ್ತೇವೆ. ಸುಳಿಯೊಳಗೆ ದುಂಬಿ ಕೊರೆದದ್ದು ಸುಳಿ ಬಾಗಿದ ಮೇಲಷ್ಟೇ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆಯಾದರೂ ಮರದ ತಲೆಯನ್ನು ಕಣ್ಣಾರೆ ನೋಡುವ ಮನುಷ್ಯ ನಮ್ಮ ತೋಟಗಳಿಗೆ ಬೇಕು, ಅವನಿಗೆ ಸರಿಯಾದ ಕೂಲಿ, ವಿಮೆ, ಮರ್ಯಾದೆ ಮೂರೂ ಸಿಗಬೇಕು. ಇದನ್ನು ನಾನು ಆ ತೋಟದಲ್ಲೇ ನಿಂತು ಗೆಳೆಯನಿಗೆ ಹೇಳಿದೆ. ಇಲ್ಲಿಯ ಹತ್ತುವವರೂ ಬಿದ್ದು ಕೈಕಾಲು ಕಳೆದುಕೊಳ್ಳುವುದುಂಟು, ಉರಿಬಿಸಿಲಿನಲ್ಲಿ ಅವರ ಕೆಲಸ ಸುಲಭದ್ದೆಂದು ತಿಳಿಯಬೇಡ ಎಂದು ಅವನು ನನ್ನನ್ನು ತಿದ್ದಿದ.

ಹಣ್ಣಿನ ರುಚಿ ಹೇಳದೆ ಮುಂದೆ ಹೋಗಲಾರೆ. ಅಂಗಡಿಯ ಡಬ್ಬಿಯ ಖರ್ಜೂರವಷ್ಟೇ ಗೊತ್ತಿದ್ದ ನಾಲಿಗೆಗೆ ಮರದಿಂದ ಆಗಷ್ಟೇ ಇಳಿದ ಮೆಜೂಲ್ ಬೇರೆಯೇ ಪದಾರ್ಥ. ಸಿಪ್ಪೆ ತೆಳ್ಳಗೆ ಬಿರಿದು ಒಳಗಿನ ತಿರುಳು ಕರಗಿ ಹೋಗುತ್ತದೆ, ಬೀಜ ಮಾತ್ರ ಉಳಿಯುತ್ತದೆ. ಬರ್ಹಿ ಎಂಬ ಇನ್ನೊಂದು ಜಾತಿಯನ್ನು ಹಳದಿಯಾಗಿ ಗಟ್ಟಿಯಿರುವಾಗಲೇ ತಿನ್ನುತ್ತಾರೆ. ಕಟಕಟನೆ ಕಡಿದರೆ ಸಿಹಿಯ ಹಿಂದೆ ಹಸಿ ಕಾಯಿಯ ರುಚಿ ತೇಲಿ ಬರುತ್ತದೆ. ನನ್ನ ಹೆಂಡತಿ ಎರಡನೆಯದನ್ನು ಬಾಯಿಗೆ ಹಾಕಿಕೊಂಡು, "ಇದರಲ್ಲಿ ನಮ್ಮನೆ ಎಳೆಗಾಯಿ ಇದೆ ರೀ" ಎಂದಳು.

ಈ ಮರಗಳು ಇಲ್ಲಿಗೆ ಬಂದ ಕಥೆಯಲ್ಲಿ ನನಗೆ ತುಂಬ ಹಿಡಿಸಿದ್ದು ತಾಳ್ಮೆ. 1900ರ ಸುಮಾರಿಗೆ ಅಮೆರಿಕದ ಕೃಷಿ ಇಲಾಖೆಯ ವಾಲ್ಟರ್ ಸ್ವಿಂಗಲ್ ಎಂಬ ವಿಜ್ಞಾನಿ ಅಲ್ಜೀರಿಯಾದಿಂದ ಡೆಗ್ಲೆಟ್ ನೂರ್ ಎಂಬ ಜಾತಿಯನ್ನು ತಂದ. ಮೊರಾಕ್ಕೊದಲ್ಲಿ ಬಯೂದ್ ಎಂಬ ಸೊರಗು ರೋಗ ಮೆಜೂಲ್ ತೋಟಗಳನ್ನು ನುಂಗುತ್ತಿದ್ದಾಗ, 1927ರಲ್ಲಿ ಅವನೇ ಬೂ ದೆನಿಬ್ ಓಯಸಿಸ್‌ನಿಂದ ಹನ್ನೊಂದು ಕಂದುಗಳನ್ನು ತಂದ. ಖರ್ಜೂರ ಬೀಜದಿಂದ ತಾಯಿಯಂತೆ ಬರುವುದಿಲ್ಲ, ಬುಡದ ಕಂದನ್ನೇ ನೆಡಬೇಕು. ರೋಗ ಜೊತೆಗೆ ಬಂದಿದ್ದರೆ ಎಂಬ ಭಯಕ್ಕೆ ಅವುಗಳನ್ನು ಖರ್ಜೂರವೇ ಇಲ್ಲದ ನೆವಾಡದ ಮೂಲೆಯೊಂದರಲ್ಲಿ ನೆಟ್ಟು ವರ್ಷಗಟ್ಟಲೆ ಕಾದರು. ಉಳಿದ ಒಂಬತ್ತು 1936ರಲ್ಲಿ ಇಂಡಿಯೊಗೆ ಬಂದವು. ಇಂದು ಈ ದೇಶದಲ್ಲಿ ಕಾಣುವ ಮೆಜೂಲ್ ತೋಟಗಳು ಹೆಚ್ಚೂಕಡಿಮೆ ಆ ಒಂಬತ್ತರ ಸಂತಾನ. ನಮ್ಮ ಅಜ್ಜಂದಿರೂ ಗೊಬ್ಬರದ ಗುಂಡಿಯ ಹತ್ತಿರದ ಮರ ಬಿಟ್ಟು, ಬಯಲಿನಲ್ಲಿ ನಿಂತು ವರ್ಷವರ್ಷವೂ ತಪ್ಪದೆ ಕಾಯಿ ಬಿಟ್ಟ ನಡುವಯಸ್ಸಿನ ಮರದಿಂದಲೇ ಬಿತ್ತನೆಗಾಯಿ ಆರಿಸುತ್ತಿದ್ದರು. ಕಾಯಿಯನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು. ಈಗ ಲಾರಿಯಲ್ಲಿ ಬಂದ ಸಸಿಯ ತಾಯಿ ಯಾವುದೆಂದು ಕೇಳುವವರು ಕಡಿಮೆ.

ಕಾವಲಿನ ಇನ್ನೊಂದು ಸಂಗತಿ. ನಮ್ಮ ತೆಂಗನ್ನು ಒಳಗಿನಿಂದ ತಿನ್ನುವ ಕೆಂಪುಮೂತಿ ಹುಳುವಿನ ಹತ್ತಿರದ ನೆಂಟನೊಂದು 2010ರಲ್ಲಿ ಲಾಸ್ ಏಂಜಲಿಸ್‌ನ ದಕ್ಷಿಣಕ್ಕೆ, ಲಗೂನಾ ಬೀಚ್ ಎಂಬಲ್ಲಿ ಒಂದು ಮರದಲ್ಲಿ ಸಿಕ್ಕಿತಂತೆ. ಖರ್ಜೂರದ ತೋಟಗಳಿಗೆ ಅದು ದೂರವೇನಲ್ಲ. ಬೋನು ಇಟ್ಟು, ಮರ ತೆಗೆದು, ಹುಡುಕಿ ಹುಡುಕಿ, 2015ರಲ್ಲಿ ಅದು ನಿರ್ಮೂಲವಾಯಿತೆಂದು ಘೋಷಿಸಿದರು. ಇದನ್ನು ಹೇಳುವಾಗ ಗೆಳೆಯನ ದನಿಯಲ್ಲಿ ಯುದ್ಧ ಗೆದ್ದವರ ಹುರುಪಿತ್ತು.

ಮಧ್ಯಾಹ್ನ ಅವನೂ ನಮ್ಮ ಕಾರು ಹತ್ತಿದ. ಮೊದಲು ತೋರಿಸಿದ್ದು ಒಂದು ಬೋಳು ಗುಡ್ಡದ ಬುಡದಲ್ಲಿ ಸಾಲಾಗಿ ಬೆಳೆದ ಕಾಡುಮರಗಳನ್ನು. ಬೀಸಣಿಗೆಯಂಥ ಎಲೆ, ಒಣಗಿದ ಗರಿಗಳು ಉದುರದೆ ನೆಲದ ತನಕ ಲಂಗದ ಹಾಗೆ ಇಳಿದಿದ್ದವು. ಇವು ಈ ನೆಲದ್ದೇ ತಾಳೆ. ಸುತ್ತ ಮಣ್ಣು ಬಿರಿದಿರುವಾಗ ಇವಕ್ಕೆ ನೀರೆಲ್ಲಿಂದ? ಭೂಕಂಪಕ್ಕೆ ಹೆಸರಾದ ಸಾನ್ ಆಂಡ್ರಿಯಾಸ್ ಬಿರುಕು ಇಲ್ಲಿ ಹಾದುಹೋಗುತ್ತದೆ. ಬಿರುಕಿನಲ್ಲಿ ಅರೆದು ನುಣ್ಣಗಾದ ಕಲ್ಲು ಅಂತರ್ಜಲಕ್ಕೆ ಅಡ್ಡಗಟ್ಟೆಯಾಗಿ, ನೀರು ಮೇಲಕ್ಕೆ ಜಿನುಗುತ್ತದೆ. ಭೂಮಿ ಎಲ್ಲಿ ಸೀಳಿದೆ ಎಂಬುದನ್ನು ಮರಗಳೇ ಗೆರೆ ಎಳೆದು ತೋರಿಸುತ್ತವೆ! ಇಲ್ಲಿಯ ಮೂಲನಿವಾಸಿ ಕಹ್ವಿಯಾ ಜನ ಈ ಗರಿಗಳಿಂದಲೇ ಮನೆಗೆ ಹೊದಿಕೆ ಹಾಕುತ್ತಿದ್ದರು, ನಾವು ಸೋಗೆ ಹೊದಿಸುವಂತೆ.

ಅಲ್ಲಿಂದ ಸಾಲ್ಟನ್ ಸಮುದ್ರದ ಕಡೆಗೆ. ದಾರಿಯಲ್ಲಿ ಪಶ್ಚಿಮದ ಬೆಟ್ಟದ ಮೈಮೇಲೆ ಅಡ್ಡಲಾಗಿ ಹೋದ ಒಂದು ಬಣ್ಣದ ಗೆರೆ ತೋರಿಸಿ, ಅದರ ಕೆಳಗೆಲ್ಲ ಒಂದು ಕಾಲಕ್ಕೆ ನೀರಿತ್ತು ಎಂದ. ಕೊಲರಾಡೊ ನದಿ ದಿಕ್ಕು ಬದಲಿಸಿದಾಗಲೆಲ್ಲ ಈ ತಗ್ಗು ತುಂಬಿ ಸರೋವರವಾಗುತ್ತಿತ್ತು, ನದಿ ಹಿಂದಿರುಗಿದಾಗ ಬತ್ತುತ್ತಿತ್ತು. ಕೆಳಗಿನ ಇಳಿಜಾರಿನಲ್ಲಿ ಕಹ್ವಿಯಾ ಜನ ಮೀನು ಹಿಡಿಯಲು ಕಟ್ಟಿದ ಕಲ್ಲಿನ ಬಲೆಗಳು ಒಣನೆಲದಲ್ಲಿ ಈಗಲೂ ಇವೆ. ಕೊನೆಯ ಸಲ ಅದು ತುಂಬಿದ್ದು ಮನುಷ್ಯರ ಕೈಯಿಂದ. 1905ರಲ್ಲಿ ನೀರಾವರಿ ನಾಲೆ ಒಡೆದು ನದಿಯ ನೀರೆಲ್ಲ ಇತ್ತ ನುಗ್ಗಿತು. 1907ರಲ್ಲಿ ಅದನ್ನು ಕಟ್ಟಿ ನಿಲ್ಲಿಸುವಷ್ಟರಲ್ಲಿ ಕ್ಯಾಲಿಫೋರ್ನಿಯಾದ ಅತಿ ದೊಡ್ಡ ಸರೋವರ ಹುಟ್ಟಿಯಾಗಿತ್ತು. ಅದಕ್ಕೆ ಕೋಡಿಯಿಲ್ಲ. ಹೊಲಗಳ ಬಸಿನೀರು ಬಂದು ಸೇರುತ್ತದೆ, ಬಿಸಿಲಿಗೆ ಆರುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಈಗ ಕಡಲಿಗಿಂತ ಉಪ್ಪು. ದಡದಲ್ಲಿ ಕಾಲಿಟ್ಟರೆ ಮರಳಲ್ಲ, ಮೀನಿನ ಮೂಳೆ ಪುಡಿಯಾಗಿ ಕರಕರ ಎನ್ನುತ್ತಿತ್ತು. ಕೊಳೆತ ವಾಸನೆಗೆ ನನ್ನ ಹೆಂಡತಿ ಸೆರಗು ಮೂಗಿಗೆ ಹಿಡಿದಳು. ನೀರು ಹಿಂದೆ ಸರಿದ ಕಡೆ ಬೂದಿಯಂಥ ನೆಲ. ಗಾಳಿ ಎದ್ದರೆ ಅದೇ ದೂಳು ಸುತ್ತಲಿನ ಊರುಗಳ ಮಕ್ಕಳ ಎದೆಗೆ ಹೋಗುತ್ತದೆ.

ಖರ್ಜೂರದ ತೋಟಕ್ಕೆ ನೀರೆಲ್ಲಿಯದು ಎಂದು ಕೇಳಿದೆ. ಕಣಿವೆಯಲ್ಲಿ ವರ್ಷಕ್ಕೆ ನಾಲ್ಕು ಅಂಗುಲ ಮಳೆ ಬಿದ್ದರೆ ಹೆಚ್ಚು. ನಮ್ಮದು ಬರದ ಸೀಮೆ ಎನ್ನುತ್ತೇವೆ, ಆದರೂ ಸುಮಾರು ಇಪ್ಪತ್ತೈದು ಅಂಗುಲ ಬೀಳುತ್ತದೆ. ಮೊದಮೊದಲು ಇಲ್ಲಿ ಬಾವಿ ತೋಡಿದರೆ ನೀರು ತಾನಾಗಿ ಉಕ್ಕುತ್ತಿತ್ತಂತೆ. ಎಲ್ಲರೂ ತೋಡಿದರು, ನೀರು ಆಳಕ್ಕಿಳಿಯಿತು. ಆಗ ಕೊಲರಾಡೊ ನದಿಯಿಂದ ಕೋಚೆಲ್ಲ ನಾಲೆ ತಂದರು. ಸುಮಾರು 200 ಕಿಲೋಮೀಟರ್, 1940ರ ದಶಕದ ಕೊನೆಗೆ ನೀರು ಹರಿಯಿತು. ನಾನು ಕೇಳುತ್ತಾ ಕೇಳುತ್ತಾ ನಮ್ಮ ಕೊಳವೆಬಾವಿಗಳನ್ನೇ ನೆನೆಯುತ್ತಿದ್ದೆ. ಬತ್ತಿದ ಬಾವಿಗಳು, ಗೊರೂರಿನಿಂದ ಹೇಮಾವತಿ ನಾಲೆ ಬಂದಾಗಿನ ಸಂಭ್ರಮ, ನಾಲೆಗೆ ನೀರು ಬಿಡಿ ಎಂದು ಪ್ರತಿ ವರ್ಷದ ಹೋರಾಟ. ಅದೇ ಕಥೆ, ಸಮುದ್ರದಾಚೆ. ಒಂದು ವ್ಯತ್ಯಾಸವನ್ನು ಗೆಳೆಯ ಹೇಳಿದ: "ಇವ್ರಿಗೆ ಕೆರೆ ಇಲ್ಲ ಕಣೋ. ನದಿ ಕೈಕೊಟ್ರೆ ಮುಗೀತು. ನಮ್ಗೆ ಸಾವಿರ ವರ್ಷದಿಂದ ಕೆರೆ ಕಟ್ಟಿ ಕೊಟ್ಟು ಹೋಗಿದ್ದಾರೆ." ನೊಣವಿನಕೆರೆಯ ಏರಿ, ತೂಬು, ಅಚ್ಚುಕಟ್ಟು ಎಲ್ಲವೂ ಅವನ ಬಾಯಲ್ಲಿ ಒಂದೊಂದಾಗಿ ಬಂದವು. ಊರಲ್ಲೇ ಇರುವ ನಮ್ಮಲ್ಲಿ ಎಷ್ಟೋ ಜನಕ್ಕೆ ಯಾವ ತೂಬಿನ ನೀರು ಯಾವ ಬಯಲಿಗೆ ಹೋಗುತ್ತದೆಂಬುದು ಮರೆತಿದೆ.

ಮರುದಿನ ಬೀಳ್ಕೊಂಡೆವು. ಹೆಚ್ಚು ಮಾತಾಡಲಿಲ್ಲ. ಅವನು ಒಂದು ಬುಟ್ಟಿ ಮೆಜೂಲ್ ಕಾರಿಗಿಟ್ಟ.

ಮುಂದಿನ ದಾರಿ ಬೋಳು ಬೆಟ್ಟ, ಉಪ್ಪು ಬಯಲು, ಮತ್ತೆ ಬೋಳು ಬೆಟ್ಟ. ಕೊಲರಾಡೊ ಕಂಡಾಗ ಮಾತ್ರ ಎದ್ದು ಕೂತೆ. ಹೂವರ್ ಅಣೆಕಟ್ಟಿನ ಎತ್ತರ 726 ಅಡಿ. ನಮ್ಮ ಕನ್ನಂಬಾಡಿಯದು 130 ಅಡಿ. ಎರಡೂ ಕಟ್ಟಿ ಮುಗಿದದ್ದು 1930ರ ದಶಕದಲ್ಲಿ. ಕಟ್ಟೆಯ ಮೇಲಿಂದ ಕೆಳಗೆ ನೋಡಿ ತಲೆ ತಿರುಗಿತು. ಆದರೆ ಹಿಂದೆ ತಿರುಗಿ ಮೀಡ್ ಸರೋವರ ನೋಡಿದಾಗ ಬೆರಗು ಇಳಿಯಿತು. ಕಪ್ಪು ಬಂಡೆಗಳ ಸುತ್ತ ಬೆಳ್ಳನೆಯ ಅಗಲ ಪಟ್ಟಿ, ನೀರು ಒಮ್ಮೆ ಎಲ್ಲಿತ್ತು ಎಂಬುದರ ಗುರುತು. 2022ರಲ್ಲಿ ಅದು 1930ರ ದಶಕದಲ್ಲಿ ತುಂಬಲು ಶುರುವಾದಾಗಿನಿಂದ ಕಾಣದಷ್ಟು ಕೆಳಗೆ ಇಳಿದಿತ್ತು. ನಾನು ತಿಂದ ಹಣ್ಣಿನ ನೀರು ಈ ಕಟ್ಟೆ ದಾಟಿ ಬಂದದ್ದು. ಗ್ರ್ಯಾಂಡ್ ಕ್ಯಾನಿಯನ್ ಬಗ್ಗೆ ಬಲ್ಲವರು ಬಹಳ ಬರೆದಿದ್ದಾರೆ, ಅದು ನಿಜಕ್ಕೂ ಮಾತಿಗೆ ಮೀರಿದ್ದು. ನಾನು ಅದರ ಅಂಚಿನಲ್ಲಿ ನಿಂತು ತಳದಲ್ಲಿ ದಾರದಂತೆ ಕಂಡ ಆ ನದಿಯನ್ನೇ ಹುಡುಕುತ್ತಿದ್ದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಎಷ್ಟೋ ತಂದೆತಾಯಂದಿರು ಈಗ ಮಕ್ಕಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿಬರುತ್ತಾರೆ. ಅವರಲ್ಲಿ ನನ್ನದೊಂದು ಕೋರಿಕೆ. ಸೇತುವೆ, ಸಿನಿಮಾ ಸ್ಟುಡಿಯೊ ನೋಡಿದ ಮೇಲೆ ಒಂದು ದಿನ ಉಳಿಸಿಕೊಳ್ಳಿ. ಇಂಡಿಯೊ ಲಾಸ್ ಏಂಜಲಿಸ್‌ನಿಂದ ಸುಮಾರು 200 ಕಿಲೋಮೀಟರ್. ಸೆಪ್ಟೆಂಬರ್, ಅಕ್ಟೋಬರ್ ಕೊಯ್ಲಿನ ಕಾಲ, ಬೇಸಿಗೆಯಲ್ಲಿ ಮಾತ್ರ ಹೋಗಬೇಡಿ, ಬಿಸಿಲು ತಡೆಯಲಾಗದು. ಬೆಳಗಿನ ಹೊತ್ತೇ ಹೋಗಿ, ತೋಟದವರನ್ನು ಕೇಳಿಕೊಂಡು ಒಳಗೆ ಹೋಗಿ, ಮರದ ಮೇಲಿರುವವರ ಕೆಲಸವನ್ನು ನಿಂತು ನೋಡಿ. ಊರಿಗೆ ಬಂದ ಮೇಲೆ ಕಂಡದ್ದನ್ನು ತೋಟ ಮಾಡುವ ಹುಡುಗರಿಗೆ ಹೇಳಿ.